ಲೆಕ್ಕ ಹಾಕುವವನು ಮನೆಯೊಡೆಯ, ಬೆಲೆ ಕಟ್ಟುವವರು ಬೇರೆ

ಕೃಷ್ಣರಾಜಪೇಟೆ: ಆರ್ಥಿಕ ವರ್ಷದ ಮೊದಲ ತಿಂಗಳು ಬಂತೆಂದರೆ ಪುರಸಭೆಯ ಕಂದಾಯ ಶಾಖೆಯ ಮುಂದೆ ಜನ ಸೇರುವುದು ವಾಡಿಕೆ. ಏಪ್ರಿಲ್ ಅಂತ್ಯದೊಳಗೆ ಪಾವತಿಸಿದರೆ ತೆರಿಗೆಯಲ್ಲಿ ಶೇ. 5ರಷ್ಟು ರಿಯಾಯಿತಿ. ಈ ಗಡಿಬಿಡಿಯಲ್ಲಿ ಚಲನ್‌ನ ಅಡಿಯಲ್ಲಿರುವ ಮೊತ್ತವನ್ನು ನೋಡುವವರೇ ಹೆಚ್ಚು. ಆ ಮೊತ್ತ ಬಂದದ್ದಾದರೂ ಹೇಗೆ ಎಂದು ವಿಚಾರಿಸುವವರು ವಿರಳ. ಹೆಚ್ಚಾಯಿತು ಎಂಬ ಅಸಮಾಧಾನ ಮಾತ್ರ ಎಲ್ಲರದು.

ಈ ಅಸಮಾಧಾನವನ್ನು ಯಾರ ಮುಂದೆ ತೋಡಿಕೊಳ್ಳಬೇಕು ಎಂಬುದೇ ಇಲ್ಲಿರುವ ತೊಡಕು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಗೆ ತಿದ್ದುಪಡಿಯಾಗಿ 2002-03ರಿಂದ ಪುರಸಭೆಗಳಲ್ಲಿ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಜಾರಿಗೆ ಬಂದಿತು. ಅದಕ್ಕೂ ಮುನ್ನ ಮನೆಗೆ ಬರಬಹುದಾದ ವಾರ್ಷಿಕ ಬಾಡಿಗೆಯನ್ನು ಅಂದಾಜಿಸಿ ಸಿಬ್ಬಂದಿಯೇ ಕಂದಾಯ ಗೊತ್ತುಪಡಿಸುತ್ತಿದ್ದರು. ಅಲ್ಲಿ ಪಕ್ಷಪಾತಕ್ಕೆ ಎಡೆಯಿತ್ತು. ಜೊತೆಗೆ, ಆಕ್ಷೇಪಿಸಲು ಎದುರಿಗೊಬ್ಬ ಅಧಿಕಾರಿಯೂ ಇದ್ದ. ಹೊಸ ಪದ್ಧತಿಯಲ್ಲಿ ಅಳತೆ, ಬಳಕೆ, ಕಟ್ಟಿದ ವರ್ಷ ಎಲ್ಲವನ್ನೂ ಮಾಲೀಕನೇ ಘೋಷಿಸಿ ಸಹಿ ಮಾಡುತ್ತಾನೆ. ತಾನೇ ಸಹಿ ಮಾಡಿದ ಲೆಕ್ಕಕ್ಕೆ ತಾನೇ ಮೇಲ್ಮನವಿ ಸಲ್ಲಿಸುವುದು ವಿಚಿತ್ರವಾದ ಸ್ಥಿತಿಯೇ ಸರಿ.

ಆದರೆ ಆ ಲೆಕ್ಕದಲ್ಲಿ ಮಾಲೀಕನ ಕೈಯಲ್ಲಿಲ್ಲದ ಅಂಶವೊಂದಿದೆ. ನಿವೇಶನದ ಬೆಲೆಗೆ ಆಧಾರ 1957ರ ಕರ್ನಾಟಕ ಸ್ಟಾಂಪು ಕಾಯ್ದೆಯ 45-ಬಿ ಪ್ರಕರಣದಡಿ ನಿಗದಿಯಾಗುವ ಮಾರ್ಗಸೂಚಿ ಬೆಲೆ. ಬಹುಕಾಲ ಪುರಸಭೆಗಳು 2005-06ರ ಬೆಲೆಯನ್ನೇ ಹಿಡಿದು ಮೂರು ವರ್ಷಕ್ಕೊಮ್ಮೆ ಶೇ. 15ರಷ್ಟು ಏರಿಸುತ್ತಿದ್ದವು. 2021ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ತೆರಿಗೆಯನ್ನು ಚಾಲ್ತಿ ಮಾರ್ಗಸೂಚಿ ಬೆಲೆಗೆ ಜೋಡಿಸಿತು, ವರ್ಷಂಪ್ರತಿ ಶೇ. 3ರಿಂದ 5ರವರೆಗಿನ ಹೆಚ್ಚಳಕ್ಕೂ ದಾರಿಯಾಯಿತು. 2023ರ ಅಕ್ಟೋಬರ್ 1ರಂದು ರಾಜ್ಯದಾದ್ಯಂತ ಮಾರ್ಗಸೂಚಿ ಬೆಲೆ ಸರಾಸರಿ ಶೇ. 30ರಷ್ಟು ಏರಿದಾಗ ಅದನ್ನು ಜನ ಕ್ರಯಪತ್ರದ ಖರ್ಚಿನ ಸುದ್ದಿಯೆಂದೇ ಓದಿದರು. ಜಾಗ ಮಾರದೆ, ಕೊಳ್ಳದೆ ಮನೆಯಲ್ಲೇ ಇರುವವರ ಕಂದಾಯಕ್ಕೂ ಅದು ತಟ್ಟುತ್ತದೆಂಬುದು ಹಲವರಿಗೆ ಹೊಳೆಯಲಿಲ್ಲ.

ಉದಾಹರಣೆಗೆ, ತೆರಿಗೆಗೆ ಒಳಪಡುವ ಮೌಲ್ಯ 3 ಲಕ್ಷ ರೂಪಾಯಿ, ದರ ಶೇ. 0.5 ಎಂದಿಟ್ಟುಕೊಂಡರೆ ತೆರಿಗೆ 1,500 ರೂಪಾಯಿ. ಅದರ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3, ಅಂದರೆ ಇನ್ನೂ 360 ರೂಪಾಯಿ. ಮೌಲ್ಯ ಏರಿದರೆ ತೆರಿಗೆಯೊಂದಿಗೆ ಈ ಕರಗಳೂ ಏರುತ್ತವೆ.

ಆದ್ದರಿಂದ ಬೆಲೆಯ ವಿಷಯದಲ್ಲಿ ನಿಜವಾದ ಆಕ್ಷೇಪಣೆಯ ಸ್ಥಳ ಪುರಸಭೆಯಲ್ಲ, ಉಪನೋಂದಣಾಧಿಕಾರಿಯ ಕಚೇರಿ. ತಾಲ್ಲೂಕು ಮಟ್ಟದ ಉಪಸಮಿತಿ ಬಡಾವಣೆವಾರು ಕರಡು ಪಟ್ಟಿ ಪ್ರಕಟಿಸಿದಾಗ ಸಾರ್ವಜನಿಕರಿಗೆ ಸಾಮಾನ್ಯವಾಗಿ ಹದಿನೈದು ದಿನಗಳ ಅವಕಾಶ ದೊರೆಯುತ್ತದೆ. ಒಳಗಿನ ಅಡ್ಡರಸ್ತೆಗೆ ಮುಖ್ಯರಸ್ತೆಯ ಬೆಲೆ ಕಟ್ಟಿದ್ದರೆ ಹೇಳಬೇಕಾದದ್ದು ಆಗ. ಬೀದಿಯ ನಾಲ್ಕಾರು ಮನೆಯವರು ಸೇರಿ ಇತ್ತೀಚಿನ ಕ್ರಯಪತ್ರಗಳ ಪ್ರತಿಯೊಡನೆ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಅದಕ್ಕೆ ತೂಕವಿರುತ್ತದೆ. ಪಟ್ಟಿ ಅಂತಿಮವಾದ ಮೇಲೆ ಪುರಸಭೆಯ ಸಿಬ್ಬಂದಿಯೊಡನೆ ವಾದಕ್ಕಿಳಿದು ಪ್ರಯೋಜನವಿಲ್ಲ; ಬೆಲೆ ಬದಲಿಸುವ ಅಧಿಕಾರ ಅವರಿಗಿಲ್ಲ.

ಪುರಸಭೆಯಲ್ಲಿ ಸರಿಪಡಿಸಬಹುದಾದದ್ದು ವಾಸ್ತವಾಂಶದ ತಪ್ಪುಗಳನ್ನು. ಮೂವತ್ತು-ನಲವತ್ತರ ನಿವೇಶನ ದಾಖಲೆಯಲ್ಲಿ ನಲವತ್ತು-ನಲವತ್ತು ಎಂದಾಗಿದ್ದರೆ ನಿವೇಶನದ ಬಾಬ್ತಿನ ತೆರಿಗೆ ಮೂರನೇ ಒಂದು ಭಾಗ ಹೆಚ್ಚಾಗುತ್ತದೆ, ಪ್ರತಿವರ್ಷವೂ. ಮುಚ್ಚಿಹೋದ ಅಂಗಡಿ ಮಳಿಗೆ ಈಗಲೂ ವಾಣಿಜ್ಯ ಬಳಕೆಯೆಂದೇ ಉಳಿದಿರಬಹುದು. ಹಳೆಯ ಹೆಂಚಿನ ಮನೆಯ ಕಟ್ಟಿದ ವರ್ಷ ತಪ್ಪಾಗಿದ್ದರೆ ಸಿಗಬೇಕಾದ ಸವಕಳಿ ತಪ್ಪುತ್ತದೆ. ಇಂತಹ ಸಂದರ್ಭಗಳಲ್ಲಿ ಕ್ರಯಪತ್ರ, ಅನುಮೋದಿತ ನಕ್ಷೆ, ಹಿಂದಿನ ರಸೀದಿಗಳೊಂದಿಗೆ ಮುಖ್ಯಾಧಿಕಾರಿಗೆ ಅರ್ಜಿ ಬರೆದು ಸ್ಥಳ ಪರಿಶೀಲನೆ ಕೋರಬೇಕು. ಟಪ್ಪಾಲು ವಿಭಾಗದ ಸ್ವೀಕೃತಿ ಮುದ್ರೆ ಪಡೆಯದೆ ಹಿಂದಿರುಗಬಾರದು. ಬಾಯಿಮಾತಿನ ಭರವಸೆ ಮುಂದೆ ಯಾವ ಪ್ರಾಧಿಕಾರದ ಮುಂದೆಯೂ ನಿಲ್ಲುವುದಿಲ್ಲ. ಲೆಕ್ಕದ ವಿವರ ಕೊಡಲು ನಿರಾಕರಿಸಿದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದ್ದೇ ಇದೆ.

ಪುರಸಭೆಯೇ ಘೋಷಣೆ ಕಡಿಮೆಯಾಗಿದೆಯೆಂದು ನೋಟಿಸ್ ನೀಡಿದರೆ ಸ್ಥಿತಿ ಬದಲಾಗುತ್ತದೆ. ಆಗ ಆಕ್ಷೇಪಿಸಲು ಒಂದು ಲಿಖಿತ ಆಧಾರ ದೊರೆಯುತ್ತದೆ. ನೋಟಿಸಿನಲ್ಲಿ ಸೂಚಿಸಿದ ಅವಧಿಯೊಳಗೆ ಉತ್ತರಿಸಿ, ಕಾರಣ ಸಹಿತ ಆದೇಶವನ್ನು ಕೇಳಿ ಪಡೆಯಬೇಕು. ಕಾನೂನಿನ ಆಧಾರವಿಲ್ಲದೆ ತೆರಿಗೆ ವಿಧಿಸಕೂಡದೆಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ಮೇಲ್ಮನವಿಯಲ್ಲಿ ಪ್ರಶ್ನಿಸಬೇಕಾದದ್ದು ಈ ಆಧಾರವನ್ನೇ ಹೊರತು ಹೊರೆಯ ಕಷ್ಟವನ್ನಲ್ಲ. ಆಕ್ಷೇಪಣೆ ಇದೆಯೆಂದು ಪಾವತಿಯನ್ನೇ ನಿಲ್ಲಿಸುವುದು ಮಾತ್ರ ದುಬಾರಿ. ಜುಲೈಯಿಂದ ತಿಂಗಳಿಗೆ ಶೇ. 2ರಷ್ಟು ದಂಡ ಬೆಳೆದು ಮಾರ್ಚ್ ವೇಳೆಗೆ ಶೇ. 18 ಆಗುತ್ತದೆ. ಆಕ್ಷೇಪಣೆಗೆ ಒಳಪಟ್ಟು ಪಾವತಿಸುತ್ತಿರುವುದಾಗಿ ಬರೆದುಕೊಟ್ಟು ಕಟ್ಟುವುದು ಲೇಸು.

ಇನ್ನು ಕಂದಾಯ ಭೂಮಿಯಲ್ಲಿ ಅನುಮೋದನೆಯಿಲ್ಲದೆ ತಲೆಯೆತ್ತಿದ ಮನೆಗಳ ಪಾಡು ಬೇರೆ. ಇವುಗಳನ್ನೂ ತೆರಿಗೆ ವ್ಯಾಪ್ತಿಗೆ ತರಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಬಿ-ಖಾತಾ ಅಭಿಯಾನ ಆರಂಭಿಸಿತು. ಮೊದಲ ವರ್ಷ ದುಪ್ಪಟ್ಟು ತೆರಿಗೆ, ಬಳಿಕ ಸಾಮಾನ್ಯ ದರ ಎಂಬುದು ಅದರ ಷರತ್ತು. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರದಂತಹ ಪಟ್ಟಣಗಳ ಅಂಚಿನಲ್ಲಿ ಉಳಿತಾಯವನ್ನೆಲ್ಲ ಸುರಿದು ಸೂರು ಕಟ್ಟಿಕೊಂಡವರಿಗೆ ಬಿ-ಖಾತಾ ದಾಖಲೆ ಸಿಕ್ಕಿದ್ದೇ ದೊಡ್ಡ ಸಮಾಧಾನ. ಆದರೆ ತೆರಿಗೆ ಪಾವತಿ ಮಾತ್ರದಿಂದ ಕಟ್ಟಡ ಸಕ್ರಮವಾಗುವುದಿಲ್ಲ. ಬಿ-ಖಾತಾ ತೋರಿಸಿ ಬ್ಯಾಂಕ್ ಸಾಲ ಕೇಳಲು ಹೊರಡುವವರು ಮೊದಲು ಅದರ ಮೇಲಿನ ಷರಾವನ್ನು ಓದಿಕೊಳ್ಳುವುದು ಒಳಿತು.