ಆರೋಗ್ಯ ವಿಚಾರ: ಗಾಯ ಮಾಯ್ದ ಮೇಲೂ ಮಾಯದ ನೋವು

ಶಸ್ತ್ರಕ್ರಿಯೆಯ ಗಾಯವು ಕೂಡಿಕೊಂಡು ಹೊಲಿಗೆಯ ಗುರುತೂ ಮಸಕಾದ ಮೇಲೆ ಅಲ್ಲಿ ನೋವು ಉಳಿದಿದೆಯೆಂದರೆ ಮನೆಯವರು ನಂಬಲಾರರು. ಎಷ್ಟೋ ವೇಳೆ ರೋಗಿಯೇ ನಾಚಿ ಸುಮ್ಮನಾಗುವುದುಂಟು. ಆದರೆ ಇದು ಕಲ್ಪನೆಯಲ್ಲ. ಮೂರು ತಿಂಗಳು ಕಳೆದರೂ ಬಿಡದ ಇಂತಹ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿದೆ. ಬ್ರಿಟನ್ನಿನ ನೋವಿನ ಚಿಕಿತ್ಸಾಲಯಗಳಿಗೆ ಬಂದ ಐದು ಸಾವಿರಕ್ಕೂ ಮಿಕ್ಕ ರೋಗಿಗಳನ್ನು ಕುರಿತು 1998ರಲ್ಲಿ ಪ್ರಕಟವಾದ ವರದಿಯಂತೆ, ಸುಮಾರು ಐವರಲ್ಲಿ ಒಬ್ಬರ ನೋವಿಗೆ ಶಸ್ತ್ರಕ್ರಿಯೆಯು ಒಂದು ಕಾರಣವಾಗಿದ್ದಿತು.

ಸ್ತನದ ಕ್ಯಾನ್ಸರಿಗಾಗಿ ನಡೆಯುವ ಶಸ್ತ್ರಕ್ರಿಯೆಯನ್ನೇ ನೋಡೋಣ. ಕಂಕುಳಿನ ಗ್ರಂಥಿಗಳನ್ನು ತೆಗೆಯುವಾಗ, ಅಲ್ಲಿಂದ ತೋಳಿನ ಒಳಮಗ್ಗುಲಿಗೆ ಹೋಗುವ ಸಣ್ಣ ನರವು ಕತ್ತರಿಸಲ್ಪಡುವುದುಂಟು, ಇಲ್ಲವೆ ಎಳೆತಕ್ಕೆ ಸಿಕ್ಕುವುದುಂಟು. ಕೆಲವರಿಗೆ ಬರಿಯ ಜೋಮು. ಮತ್ತೆ ಕೆಲವರಿಗೆ ಕುಪ್ಪಸದ ತೋಳು ಸೋಕಿದರೂ ಉರಿ, ಸೂಜಿ ಚುಚ್ಚಿದಂತಹ ಸೆಳೆತ. ಗಾಯಗೊಂಡ ನರವು ನಿಮಿತ್ತವಿಲ್ಲದೆಯೂ ನೋವಿನ ಸುದ್ದಿಯನ್ನು ಕಳುಹಿಸುತ್ತಿರುವುದು. ಬೆನ್ನುಹುರಿಯು ಆ ಸುದ್ದಿಗೆ ಪಳಗಿ ಅಲ್ಪವನ್ನು ಅಧಿಕಮಾಡಿ ಮಿದುಳಿಗೆ ಮುಟ್ಟಿಸುವುದು. ಪಾಪ, ರೋಗವೇ ಮರಳಿತೋ ಎಂದು ಆಕೆ ರಾತ್ರಿಯೆಲ್ಲ ಎಚ್ಚರವಾಗಿರುತ್ತಾಳೆ. ಕೈಯೆತ್ತಲಂಜಿ ಭುಜವನ್ನೂ ಬಿಗಿಮಾಡಿಕೊಳ್ಳುತ್ತಾಳೆ.

ನೋವನ್ನು ತಾಳಿಕೊಳ್ಳುವುದೇ ಹೆಣ್ಣಿಗೆ ಲಕ್ಷಣವೆಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಈ ವಿಷಯದಲ್ಲಿ ಅದು ಕೆಟ್ಟ ಸಲಹೆ. ಶಸ್ತ್ರಕ್ರಿಯೆಯಾದ ಮೊದಲ ಕೆಲವು ದಿನಗಳಲ್ಲಿ ತೀವ್ರವಾಗಿ ನೊಂದವರಲ್ಲಿಯೇ ಮುಂದೆ ನೋವು ನೆಲೆಯೂರುವುದು ಹೆಚ್ಚು. ಮೊದಲಿನಿಂದಲೂ ನೋವಿದ್ದವರು, ಬಹಳ ಅಂಜಿದವರು ಸಹ ಈ ಸಾಲಿಗೆ ಸೇರುವರು. ಆದುದರಿಂದ ಅರಿವಳಿಕೆಯ ವೈದ್ಯರಿಗೆ ಇದನ್ನೆಲ್ಲ ಮುಂಚೆಯೇ ತಿಳಿಸತಕ್ಕದ್ದು. ಬೆನ್ನೆಲುಬಿನ ಪಕ್ಕದಲ್ಲಿ ಮದ್ದು ಚುಚ್ಚಿ ಎದೆಯ ನರಗಳನ್ನು ಮರಗಟ್ಟಿಸುವ ಕ್ರಮವೊಂದುಂಟು. ಅದು ತಮಗೆ ಒಪ್ಪುವುದೇ ಎಂದು ಕೇಳಬಹುದು. ಇದರಿಂದ ಮುಂದಿನ ನೋವಿನ ಸಂಭವ ಕಡಮೆಯಾಗಬಹುದು. ಖಂಡಿತವಾಗಿ ತಪ್ಪುವುದೆಂದು ಮಾತ್ರ ನಾವು ಹೇಳಲಾರೆವು.

ನೋವು ನಿಂತೇಬಿಟ್ಟಿದ್ದರೆ, ಕೀವು ಇದೆಯೇ, ರೋಗ ಮರಳಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ನರದ ನೋವಿಗೆ ಸಾಮಾನ್ಯವಾದ ನೋವಿನ ಗುಳಿಗೆ ಅಷ್ಟಾಗಿ ನಾಟದು. ಅಮಿಟ್ರಿಪ್ಟಿಲೀನ್, ಡ್ಯುಲಾಕ್ಸೆಟಿನ್, ಗ್ಯಾಬಪೆಂಟಿನ್ ಮೊದಲಾದುವನ್ನು ವೈದ್ಯರು ಕೊಡುವರು. ಇವುಗಳಲ್ಲಿ ಮೊದಲಿನ ಎರಡು ಮನೋವ್ಯಾಕುಲಕ್ಕೂ ಕೊಡುವ ಮದ್ದುಗಳು. ಚೀಟಿಯಲ್ಲಿ ಅದನ್ನು ಓದಿ, "ನನಗೇನು ಹುಚ್ಚೇ?" ಎಂದು ಎಸೆಯುವವರುಂಟು. ಹಾಗೆ ಮಾಡಬಾರದು, ತಾವಾಗಿ ಒಮ್ಮೆಲೆ ನಿಲ್ಲಿಸಲೂ ಬಾರದು. ಅಫೀಮಿನ ಜಾತಿಯ ಮದ್ದನ್ನು ಬಹುಕಾಲ ಸೇವಿಸಿದರೆ ಚಟವಾಗುವ ಭಯವಿದೆ. ಮದ್ದಿನೊಡನೆ ತೋಳಿನ ವ್ಯಾಯಾಮವನ್ನೂ ನಡೆಸಬೇಕು. ಉರಿಯು ಪೂರ್ತಿ ಆರದಿದ್ದರೂ ರಾತ್ರಿ ನಿದ್ರೆ ಹತ್ತಿ, ಹೆರಳು ಹಾಕಿಕೊಳ್ಳುವಷ್ಟು ಕೈ ಮೇಲೆದ್ದರೆ ಚಿಕಿತ್ಸೆಯು ಫಲಿಸುತ್ತಿದೆಯೆಂದು ತಿಳಿಯಬಹುದು.