ಒಳಗಿನ ಗಾಯಕ್ಕೂ ಮದ್ದುಂಟು

ಅಡಿಕೆಗೆ ಕೊಳೆರೋಗ ಬಂದರೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ, ಮರವನ್ನು ಬೈಯುವುದಿಲ್ಲ. ಮನಸ್ಸಿಗೆ ಗಾಯವಾದವರಿಗೆ ಮಾತ್ರ ನಮ್ಮಲ್ಲಿರುವುದು ಒಂದೇ ಮದ್ದು: "ಆದದ್ದು ಆಯಿತು, ಮರೆತುಬಿಡು." ಕುಡಿಯುವವನಿಗೆ ಬೈಗುಳ, ಅಳುವವಳಿಗೆ ಗದರಿಕೆ. ಇದರಿಂದ ಗಾಯ ಒಣಗುವುದಿಲ್ಲ, ಒಳಗೇ ಕೀವು ಕಟ್ಟುತ್ತದೆ.

ಅಮೆರಿಕದ ಕುಟುಂಬ ಚಿಕಿತ್ಸಕ ರಿಚರ್ಡ್ ಶ್ವಾರ್ಟ್ಸ್ 1980ರ ದಶಕದಲ್ಲಿ ಬೇರೊಂದು ದಾರಿ ಹಿಡಿದರು. ಮನಸ್ಸೂ ಒಂದು ಕೂಡುಕುಟುಂಬದಂತೆ, ಅದರಲ್ಲಿ ಹಲವು ಭಾಗಗಳುಂಟು, ಯಾವ ಭಾಗವೂ ಹುಟ್ಟಿನಿಂದ ಕೆಟ್ಟದ್ದಲ್ಲ ಎಂಬುದು ಅವರ ಮತ.

ಬಾಲ್ಯದಲ್ಲಿ ಎಲ್ಲರೆದುರು ಅವಮಾನಗೊಂಡ ಹುಡುಗನೊಬ್ಬ ಬೆಳೆದು ಕೃಷಿಕನಾದ ಎನ್ನಿ. ನೊಂದ ಆ ಹುಡುಗ ಗಡೀಪಾರಾದವನಂತೆ ಮನಸ್ಸಿನ ಮೂಲೆಯಲ್ಲಿದ್ದಾನೆ. ಅವನು ಹೊರಗೆ ಬಾರದಂತೆ ಒಂದು ಭಾಗ ಕಾರುಬಾರು ನಡೆಸುತ್ತದೆ: "ಹಗಲಿರುಳು ದುಡಿ, ಯಾರ ಮುಂದೆಯೂ ಕೈಯೊಡ್ಡಬೇಡ." ಸಾಲದ ನೋಟೀಸು ಬಂದ ದಿನ ಹಳೆಯ ಅವಮಾನ ಭುಗಿಲೇಳುತ್ತದೆ. ಆಗ ಇನ್ನೊಂದು ಭಾಗ ಬೆಂಕಿ ಆರಿಸಲು ಓಡಿಬಂದು ಬಾಟ್ಲಿ ಹಿಡಿಯುತ್ತದೆ. ಬೆಂಕಿ ಆರಿದರೆ ಸಾಕು, ಮನೆ ಹಾಳಾದರೂ ಅದಕ್ಕೆ ಲೆಕ್ಕವಿಲ್ಲ.

ಈ ಚಿಕಿತ್ಸೆಯಲ್ಲಿ ಕುಡಿಯುವ ಭಾಗದೊಡನೆ ಜಗಳವಿಲ್ಲ. "ಕುಡಿತ ನಿಲ್ಲಿಸಿದರೆ ಏನಾದೀತೆಂದು ನಿನಗೆ ಹೆದರಿಕೆ?" ಎಂದು ಅದನ್ನೇ ಕೇಳಲಾಗುತ್ತದೆ. ಅದರ ಒಪ್ಪಿಗೆ ಪಡೆದು, ಅವಸರ ಮಾಡದೆ, ಮೂಲೆಯ ಹುಡುಗನ ಬಳಿಗೆ ಹೋಗಲಾಗುತ್ತದೆ. ಅವನ ಮಾತು ಕೇಳುವ ಶಾಂತ, ಕರುಣೆಯುಳ್ಳ ಅಂತರಂಗ ಪ್ರತಿಯೊಬ್ಬರಲ್ಲೂ ಇದೆ ಎನ್ನುತ್ತಾರೆ ಶ್ವಾರ್ಟ್ಸ್.

ಹಾಗಾದರೆ ಕುಡಿದು ಹೆಂಡತಿಗೆ ಹೊಡೆಯುವವನನ್ನು ಸುಮ್ಮನೆ ಬಿಡಬೇಕೇ? ಖಂಡಿತ ಇಲ್ಲ. ನೋವನ್ನು ಅರಿಯುವುದು ಬೇರೆ, ಕೃತ್ಯವನ್ನು ಒಪ್ಪುವುದು ಬೇರೆ. ಮೊದಲು ಹೊಡೆತ ನಿಲ್ಲಬೇಕು, ಆಕೆಗೂ ಮಕ್ಕಳಿಗೂ ರಕ್ಷಣೆ ಸಿಗಬೇಕು.

ಸಂಧಿವಾತವಿದ್ದ 79 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಚಿಕಿತ್ಸೆ ಪಡೆದವರ ಕೀಲುನೋವೂ ಖಿನ್ನತೆಯೂ ಕಡಿಮೆಯಾದವು. ಆದರೂ ಇದು ಸರ್ವರೋಗಕ್ಕೆ ಮದ್ದಲ್ಲ, ಅಧ್ಯಯನಗಳು ಇನ್ನೂ ಕೆಲವೇ. ಇಲ್ಲದ ಧ್ವನಿ ಕೇಳುವವರು, ಸಾಯುವ ಮಾತಾಡುವವರು ಮೊದಲು ಮನೋವೈದ್ಯರನ್ನು ಕಾಣಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ತರಬೇತಿಯಿಲ್ಲದವರು, ಪಾದ್ರಿಗಳಾದ ನಾವೂ ಸೇರಿ, ಇನ್ನೊಬ್ಬರ ಹಳೆಯ ಗಾಯ ಕೆದಕಬಾರದು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ಮಾತನಾಡಬಹುದು.

ನಮ್ಮ ಕೈಲಾಗುವುದೊಂದಿದೆ. ಮನೆಯಲ್ಲಿ ಯಾರಾದರೂ ನೋವು ಹೇಳಿಕೊಂಡರೆ, "ಮರೆತುಬಿಡು" ಎನ್ನುವ ಮೊದಲು ಪೂರ್ತಿ ಕೇಳೋಣ.