ನಕಲು ಕೊಟ್ರಾ?

ಹೋದ ತಿಂಗಳು ಗುಬ್ಬಿ ಕಡೆಯಿಂದ ಒಂದು ಫೋನು. ‘ಮೇಡಂ, ವರದಿ ರೆಡಿ. 11 ಪುಟ ಆಗಿದೆ. ನೀವೊಂದ್ಸಲ ಕಣ್ಣಾಡಿಸಿ ಸೈನ್ ಹಾಕಿದ್ರೆ ನಾಳೇನೇ ಮ್ಯಾನೇಜ್‌ಮೆಂಟಿಗೆ ಕೊಟ್ಬಿಡ್ತೀವಿ.’

ಮಾತಾಡಿದ್ದು ಒಂದು ಕಾರ್ಖಾನೆಯ ಆಂತರಿಕ ಸಮಿತಿಯ ಅಧ್ಯಕ್ಷೆ. ಅವರ ದಿನನಿತ್ಯದ ಕೆಲಸ ಅಕೌಂಟ್ಸ್. ನಾನು ಕೇಳಿದ್ದು ಒಂದೇ ಪ್ರಶ್ನೆ. ‘ಸಾಕ್ಷಿಗಳ ಹೇಳಿಕೆಯ ನಕಲು ಇಬ್ಬರಿಗೂ ಕೊಟ್ರಾ?’

ಆ ಕಡೆ ಸ್ವಲ್ಪ ಹೊತ್ತು ಮೌನ. ‘ಕೊಡ್ಬೇಕಿತ್ತಾ ಮೇಡಂ?’

ನನಗೆ ಸಿಟ್ಟು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಆಮೇಲೆ ಹೇಳ್ತೀನಿ.

ನಾನು ತುಮಕೂರಿನಲ್ಲಿ ವಕೀಲಿಕೆ ಮಾಡುವವಳು. ಕೋರ್ಟಿನ ಕೆಲಸದ ಜೊತೆಗೆ ಮೂರ್ನಾಲ್ಕು ಸಂಸ್ಥೆಗಳ ಆಂತರಿಕ ಸಮಿತಿಗೆ ‘ಹೊರಗಿನ ಸದಸ್ಯೆ’. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆಯೆಲ್ಲ ಇಂಥ ಸಮಿತಿ ಇರಲೇಬೇಕು. ಇಲ್ಲದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಸಮಿತಿಯ ಅಧ್ಯಕ್ಷೆ ಅದೇ ಸಂಸ್ಥೆಯ ಹಿರಿಯ ಉದ್ಯೋಗಿ, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಜೊತೆಗೆ ಸಂಸ್ಥೆಗೆ ಸಂಬಂಧವಿಲ್ಲದ ಹೊರಗಿನವರು ಒಬ್ಬರು. ಆ ಒಬ್ಬರು ನಾನು. ವಿಚಾರಣೆಯ ದಿನಕ್ಕೆ ನಿಯಮದಲ್ಲಿ ಹೇಳಿರುವ ಭತ್ಯೆ 200 ರೂಪಾಯಿ, ಪ್ರಯಾಣದ ಖರ್ಚು ಬೇರೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕಾಫಿ ಕುಡಿಯುವುದಕ್ಕೆ ಧಾರಾಳವಾಗಿ ಸಾಕು, ಬಿಡಿ.

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನೌಕರರು ಭೇದಭಾವದ ದೂರು ಕೊಟ್ಟರೆ ಅದನ್ನು ಕೇಳುವುದಕ್ಕೆ ಇಇಒಸಿ ಎಂಬ ಆಯೋಗದಲ್ಲಿ ಆಡಳಿತ ನ್ಯಾಯಾಧೀಶರು ಇದ್ದಾರೆ. ಅವರು ಕಾನೂನು ಓದಿದವರು, ಅವರ ಕೆಲಸ ನೋಡಿಕೊಳ್ಳೋಕೆ ಮೇಲೊಬ್ಬ ಹಿರಿಯರೂ ಇರ್ತಾರೆ. ನಮ್ಮಲ್ಲಿ ತೀರ್ಮಾನ ಮಾಡುವವರು ಅಕೌಂಟ್ಸಿನವರು, ಲ್ಯಾಬಿನವರು, ಟೀಚರುಗಳು. ಅವರ ಮುಂದೆ ಯಾವ ಕಡೆಯವರೂ ವಕೀಲರನ್ನು ಕರೆತರುವ ಹಾಗಿಲ್ಲ ಅಂತ ನಿಯಮವೇ ಇದೆ. ಆದರೆ ಸಾಕ್ಷಿಗಳಿಗೆ ಸಮನ್ಸ್ ಕೊಡುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಆ ಸಮಿತಿಗಿದೆ. ಅಂದರೆ ತಿಂಗಳ ಕೊನೆಯಲ್ಲಿ ಸಂಬಳದ ಪಟ್ಟಿ ಮಾಡುವ ಕೈಯೇ ಇನ್ನೊಬ್ಬರ ಬದುಕಿನ ಬಗ್ಗೆ ತೀರ್ಪು ಬರೆಯುತ್ತೆ. ಆ ಬರಹ ನೋಡಿ, ತಿದ್ದಿ, ವಾಪಸ್ ಕಳಿಸುವ ಕೆಲಸ ಬಹುಮಟ್ಟಿಗೆ ಹೊರಗಿನ ಸದಸ್ಯೆಯ ತಲೆಗೇ ಬರುತ್ತೆ.

ಕರಡುಗಳಲ್ಲಿ ಏನೇನು ಇರುತ್ತೆ ಗೊತ್ತಾ? ‘ದೂರುದಾರರು ವಿಚಾರಣೆಯಲ್ಲಿ ಅತ್ತರು, ಆದ್ದರಿಂದ ಅವರ ಮಾತು ನಿಜ.’ ಕೆಂಪು ಗೆರೆ. ಅಳದೇ ಇದ್ದವಳ ಮಾತು ಸುಳ್ಳಾ ಹಾಗಾದ್ರೆ? ‘ಎದುರುದಾರರು 15 ವರ್ಷದಿಂದ ಒಳ್ಳೆಯ ಕೆಲಸಗಾರರು.’ ಮತ್ತೆ ಕೆಂಪು. ನಾವು ನೋಡ್ತಿರೋದು ಆ ದಿನ ಸ್ಟೋರ್ ರೂಮಿನಲ್ಲಿ ಏನಾಯ್ತು ಅಂತ, ಅವರ ಬಡ್ತಿ ಫೈಲನ್ನಲ್ಲ. ‘ಎರಡು ತಿಂಗಳು ಸುಮ್ಮನಿದ್ದು ಈಗ ದೂರು ಕೊಟ್ಟಿರುವುದು ಅನುಮಾನಕ್ಕೆ ಕಾರಣ.’ ಕಾಯ್ದೆಯೇ ಮೂರು ತಿಂಗಳು ಕೊಟ್ಟಿದೆ, ಕಾರಣ ಸರಿಯಿದ್ದರೆ ಇನ್ನೂ ಮೂರು ತಿಂಗಳು ಕೊಡಬಹುದು. ಆದರೆ ಯಾಕೆ ಕೊಟ್ಟಿವಿ ಅಂತ ಬರೆದಿಡಬೇಕು. ಅದನ್ನು ಬರೆದಿಡೋದು ಎಲ್ಲರೂ ಮರೀತಾರೆ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ವಾಕ್ಯ, ‘ಕಣ್ಣಾರೆ ಕಂಡ ಸಾಕ್ಷಿ ಇಲ್ಲದ್ದರಿಂದ ಸಾಬೀತಾಗಿಲ್ಲ.’ ಸಿನಿಮಾದ ಕೋರ್ಟು ನೋಡಿ ನೋಡಿ ನಮಗೆಲ್ಲ ಹೀಗೊಂದು ಕಲ್ಪನೆ. ಅನುಮಾನಕ್ಕೆ ಎಡೆಯೇ ಇಲ್ಲದ ಹಾಗೆ ಸಾಬೀತು ಮಾಡೋದು ಕ್ರಿಮಿನಲ್ ಕೇಸಿನ ಅಳತೆ. ಇಲ್ಲಿ ನೋಡೋದು ತಕ್ಕಡಿ ಯಾವ ಕಡೆ ವಾಲುತ್ತೆ ಅಂತ. ಅವತ್ತೇ ಸಂಜೆ ಗೆಳತಿಗೆ ಹಾಕಿದ ಮೆಸೇಜು, ಮಾರನೇ ದಿನ ಶಿಫ್ಟ್ ಬದಲಿಸಿ ಅಂತ ಕೇಳಿದ್ದು, ಗೇಟಿನ ರಿಜಿಸ್ಟರಿನ ಸಮಯ, ಇವೆಲ್ಲ ತೂಕವೇ. ಮುಚ್ಚಿದ ಬಾಗಿಲ ಹಿಂದೆ ನಡೆದಿದ್ದಕ್ಕೆ ಕಣ್ಣಾರೆ ಕಂಡವರನ್ನು ಎಲ್ಲಿಂದ ತರೋದು?

ಈಗ ಸಿಟ್ಟು ಬರದಿದ್ದ ಕಾರಣ. ಕಾಯ್ದೆಯ 16ನೇ ಕಲಮು ಇಬ್ಬರ ಗುರುತನ್ನೂ ವಿಚಾರಣೆಯ ವಿವರವನ್ನೂ ಹೊರಗೆ ಹಾಕಬಾರದು ಅನ್ನುತ್ತೆ. ಹಾಗಾಗಿ ಈ ಬರಹದುದ್ದಕ್ಕೂ ಊರು, ಕಸುಬು, ವಯಸ್ಸು ಅದಲು ಬದಲು ಮಾಡಿದ್ದೇನೆ. ತಪ್ಪು ಮಾತ್ರ ಇದ್ದ ಹಾಗೇ ಇದೆ, ಅದು ನನ್ನದು.

ಕೆಲವು ವರ್ಷಗಳ ಹಿಂದಿನ ಮಾತು. ಕುಣಿಗಲ್ ಕಡೆಯ ಒಂದು ಸಂಸ್ಥೆ. ದೂರು ಕೊಟ್ಟವಳಿಗೆ 24 ವರ್ಷ, ಎದುರುದಾರ ಅವಳ ಸೂಪರ್‌ವೈಸರ್. 90 ದಿನದೊಳಗೆ ವಿಚಾರಣೆ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತೆ, ನಮ್ಮದು ಆಗಲೇ 80 ದಾಟಿತ್ತು. ಎಚ್.ಆರ್.ನವರದ್ದು ದಿನಕ್ಕೆರಡು ಫೋನು. ಕರಡು ನನಗೆ ಬಂದಾಗ ನಾನು ಬಸ್ಸಿನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಬೆರಳಲ್ಲಿ ತಳ್ಳುತ್ತಾ ತಳ್ಳುತ್ತಾ ಓದಿದೆ. ಭಾಷೆ ಚೆನ್ನಾಗಿತ್ತು, ತೀರ್ಮಾನವೂ ಸರಿಯಾಗಿತ್ತು. ‘ಓಕೆ’ ಅಂತ ಉತ್ತರಿಸಿದೆ. ಮಾರನೇ ದಿನ ಸಹಿ.

ನಾನು ಗಮನಿಸದೇ ಹೋದದ್ದು ಇಷ್ಟು: ಇಬ್ಬರು ಸಾಕ್ಷಿಗಳನ್ನು ಎದುರುದಾರ ಇಲ್ಲದಾಗ ಕೇಳಿದ್ದರು. ಆ ಹೇಳಿಕೆಗಳ ನಕಲು ಅವನಿಗೆ ಹೋಗಿಯೇ ಇರಲಿಲ್ಲ. ಅವರನ್ನು ಪ್ರಶ್ನಿಸುವ ಅವಕಾಶವೂ ಸಿಕ್ಕಿರಲಿಲ್ಲ. ಅವನೆದುರು ಮಾತಾಡೋಕೆ ಆ ಹುಡುಗಿಯರಿಗೆ ಭಯ ಇತ್ತು, ನಿಜ. ಅದಕ್ಕೆ ದಾರಿ ಇದೆ. ಪ್ರಶ್ನೆಗಳನ್ನು ಬರೆದು ಕೊಡಿ ಅಂತ ಅವನಿಗೆ ಹೇಳಿ, ಸಮಿತಿಯೇ ಸಾಕ್ಷಿಗಳಿಗೆ ಕೇಳಿ, ಉತ್ತರ ಬರೆದುಕೊಳ್ಳಬಹುದು. ಒಂದು ವಾರದ ಕೆಲಸ. ನಾವು ಮಾಡಲಿಲ್ಲ.

ಅವನು ಮೇಲ್ಮನವಿ ಹಾಕಿದ. ವರದಿ ರದ್ದಾಯ್ತು, ಹೊಸದಾಗಿ ವಿಚಾರಣೆ ಮಾಡಿ ಅಂತ ಆದೇಶ ಬಂತು. ಅವನು ತಪ್ಪು ಮಾಡಿದ್ದ ಅಂತ ನಾನು ಇವತ್ತಿಗೂ ನಂಬ್ತೀನಿ. ಅವನ ಮೇಲ್ಮನವಿ ಸರಿಯಾಗಿತ್ತು ಅನ್ನೋದೂ ಅಷ್ಟೇ ನಿಜ.

ಅಷ್ಟು ಹೊತ್ತಿಗೆ ಅವಳು ಆ ಕೆಲಸ ಬಿಟ್ಟು ಬೆಂಗಳೂರು ಸೇರಿದ್ದಳು. ಫೋನ್ ಮಾಡಿ ವಿಷಯ ಹೇಳಿದೆ. ‘ಅಕ್ಕಾ, ಮತ್ತೆ ಮೊದಲಿಂದ ಎಲ್ಲಾ ಹೇಳ್ಬೇಕಾ?’ ಅಂದಳು. ಹೌದು ಅಂದೆ. ಶನಿವಾರ ರಜೆ ಹಾಕಿ ಬಸ್ಸಿನಲ್ಲಿ ಬಂದಳು. ಅದೇ ರೂಮು, ಅದೇ ಮೇಜು. ಆದರೆ ಇಬ್ಬರು ಸಾಕ್ಷಿಗಳಲ್ಲಿ ಒಬ್ಬಳಿಗೆ ಮದುವೆಯಾಗಿತ್ತು. ಗಂಡನ ಮನೆಯವರು ‘ಈ ಉಸಾಬರಿ ನಮಗೆ ಬೇಡ’ ಅಂದುಬಿಟ್ಟರು. ಮೂರು ಆರೋಪಗಳಲ್ಲಿ ಎರಡು ನಿಂತವು, ಅತಿ ಗಂಭೀರವಾದದ್ದೇ ಬಿದ್ದುಹೋಯ್ತು. ಮೊದಲು ಕೆಲಸದಿಂದ ತೆಗೆಯಿರಿ ಅಂತ ಬರೆದಿದ್ದ ನಾವು ಈಗ ಲಿಖಿತ ಕ್ಷಮೆ, ಇನ್‌ಕ್ರಿಮೆಂಟ್ ತಡೆ ಅಂತ ಬರೆದೆವು.

ಅವಳ ಅಪ್ಪ ಹೊರಗೆ ಕೂತಿದ್ದರು. ‘ಹಂಗಾರೆ ನನ್ನ ಮಗಳು ಸುಳ್ಳು ಹೇಳಿದ್ಲು ಅಂತಾನಾ ಮೇಡಂ?’ ಅಂತ ಕೇಳಿದರು. ಸಾಬೀತಾಗಲಿಲ್ಲ ಅಂದ ಮಾತ್ರಕ್ಕೆ ಸುಳ್ಳು ಅಂತಲ್ಲ, ಕಾಯ್ದೆಯ 14ನೇ ಕಲಮೇ ಹಾಗೆ ಹೇಳುತ್ತೆ ಅಂತ ವಿವರಿಸಿದೆ. ಅವರು ತಲೆಯಾಡಿಸಿದರು. ಒಪ್ಪಿದ ಹಾಗೆ ಕಾಣಲಿಲ್ಲ.

ಇದು ನಮ್ಮ ಸಣ್ಣ ಊರಿನ ಸಮಿತಿಗಳ ಹಣೆಬರಹ ಮಾತ್ರ ಅಂದ್ಕೋಬೇಡಿ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆರೆಲಿಯಾನೊ ಫರ್ನಾಂಡಿಸ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಓದಿ. ಗೋವಾ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ನಡೆದ ವಿಚಾರಣೆ ಅದು. ಸಮಿತಿ ಆತುರಾತುರವಾಗಿ, ಒಂದರ ಹಿಂದೆ ಒಂದು ಸಭೆ ನಡೆಸಿ ಮುಗಿಸಿತ್ತು. ಪ್ರಾಧ್ಯಾಪಕರು ತಪ್ಪು ಮಾಡಿಲ್ಲ ಅಂತ ಕೋರ್ಟು ಹೇಳಲಿಲ್ಲ. ವಿಚಾರಣೆ ನ್ಯಾಯವಾಗಿ ನಡೆದಿಲ್ಲ ಅಂತ ಹೇಳಿ, ನಿಂತ ಹಂತದಿಂದ ಮತ್ತೆ ಮಾಡಿ ಅಂತ ಕಳಿಸಿತು. 14 ವರ್ಷ ಆದ ಮೇಲೆ. ದೂರು ಕೊಟ್ಟಿದ್ದ ವಿದ್ಯಾರ್ಥಿನಿಯರು ಅಷ್ಟರಲ್ಲಿ ಎಲ್ಲೆಲ್ಲಿ ಏನೇನು ಮಾಡಿಕೊಂಡಿದ್ದರೋ.

10 ಜನಕ್ಕಿಂತ ಕಡಿಮೆ ಇರುವ ಅಂಗಡಿ, ಕ್ಲಿನಿಕ್ಕು, ಆಡಿಟರ್ ಆಫೀಸು, ಅಥವಾ ದೂರು ಮಾಲೀಕನ ಮೇಲೇ ಇದ್ದರೆ? ಅದಕ್ಕೆ ಪ್ರತಿ ಜಿಲ್ಲೆಗೂ ಒಂದು ಸ್ಥಳೀಯ ಸಮಿತಿ ಇದೆ. ತಾಲ್ಲೂಕು ಮಟ್ಟದಲ್ಲಿ ದೂರು ತೆಗೆದುಕೊಳ್ಳೋಕೆ ನೋಡಲ್ ಅಧಿಕಾರಿ ಇರಬೇಕು. ಅವರು ಏಳು ದಿನದೊಳಗೆ ಅದನ್ನು ಜಿಲ್ಲಾ ಸಮಿತಿಗೆ ಕಳಿಸಬೇಕು. ಕುಣಿಗಲ್ಲಿನ ಬಟ್ಟೆ ಅಂಗಡಿಯ ಹುಡುಗಿ ತುಮಕೂರಿಗೆ ಅಲೆಯಬಾರದು ಅಂತಲೇ ಈ ಏರ್ಪಾಡು. ಸಮಿತಿಯೇ ಇಲ್ಲದ ಜಿಲ್ಲೆಗಳು 2025ರ ಜನವರಿ 31ರೊಳಗೆ ರಚಿಸಬೇಕು ಅಂತ ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಗಡುವು ಹಾಕಬೇಕಾಯ್ತು. ಕಾಯ್ದೆ ಬಂದು 11 ವರ್ಷ ಆದ ಮೇಲೆ! ದೂರನ್ನು ಶಿ-ಬಾಕ್ಸ್ ಎಂಬ ಪೋರ್ಟಲ್ಲಿನಲ್ಲೂ ಹಾಕಬಹುದು.

ನಿಮ್ಮಲ್ಲಿ ಯಾರಾದರೂ ಇದನ್ನು ಬೆಂಗಳೂರಿನ ರೈಲಿನಲ್ಲಿ ನಿಂತು ಓದ್ತಿದ್ದರೆ, ನಾಳೆ ಆಫೀಸಿನ ನೋಟೀಸ್ ಬೋರ್ಡಿನಲ್ಲಿ ಸಮಿತಿಯ ಪಟ್ಟಿ ನೋಡಿ. ನಿಮ್ಮದೇ ಹೆಸರಿದ್ದರೂ ಇರಬಹುದು. ಎಚ್.ಆರ್.ನವರು ಕೇಳದೇ ಸೇರಿಸಿರೋದು ಎಷ್ಟೋ ಸಲ ಕಂಡಿದ್ದೀನಿ.

ಗುಬ್ಬಿಯ ವರದಿಗೆ ನಾನು ಅವತ್ತು ಸೈನ್ ಹಾಕಲಿಲ್ಲ. ಅಧ್ಯಕ್ಷೆ ಪಾಪ, ‘ಟೈಮ್ ಇಲ್ಲ ಮೇಡಂ’ ಅಂದರು. ಲೆಕ್ಕ ಹಾಕಿ ನೋಡಿದರೆ 90 ದಿನಕ್ಕೆ ಇನ್ನೂ 19 ಉಳಿದಿತ್ತು. ಹೇಳಿಕೆಗಳ ನಕಲು ಇಬ್ಬರಿಗೂ ಹೋಯಿತು, ಸಹಿ ಪಡೆದೆವು. ಎದುರುದಾರನಿಂದ ಐದು ಪ್ರಶ್ನೆ ಬಂದವು. ನಾಲ್ಕು ಹೀಗೇ ಸುಮ್ಮನೆ. ಐದನೆಯದು ಒಬ್ಬ ಸಾಕ್ಷಿ ಹೇಳಿದ ಸಮಯದ ಬಗ್ಗೆ. ಕೇಳಿದಾಗ ಆಕೆ ಸ್ವಲ್ಪ ಯೋಚಿಸಿ, ‘ಹೌದು, ಅವತ್ತು ನಾನು ಊಟಕ್ಕೆ ಹೋಗಿದ್ದು ಎರಡು ಗಂಟೆಗೆ, ಒಂದಕ್ಕಲ್ಲ’ ಅಂದಳು. ವರದಿಯ ಏಳನೇ ಪುಟ ಪೂರ್ತಿ ಬದಲಾಗಬೇಕು.

ಅಧ್ಯಕ್ಷೆ ಅದನ್ನು ಮತ್ತೆ ಬರೀತಿದ್ದಾರೆ. ಈ ಸಲ ಫೋನಿಗೆ ಕಳಿಸಬೇಡಿ, ಕಾಗದದಲ್ಲೇ ಬೇಕು ಅಂದಿದ್ದೀನಿ. ಶುಕ್ರವಾರ ಗುಬ್ಬಿಗೆ ಹೋಗಿ ಅಲ್ಲೇ ಕೂತು ಓದ್ತೀನಿ.